ಇನ್ನೊಬ್ಬರು ಬಂದ್ ಮಾಡಿದ ಸ್ವಿಚ್

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಗುರುಶಾಂತ ಕಾಕಾನ ಸೈಕಲ್ ಹಸಿರಿತ್ತೆಂದು ನನ್ನ ನೆನಪು. ಅವನ ಮಗ ಮಲ್ಲು ಕಪ್ಪು ಅನ್ನುತ್ತಾನೆ. ಆಗ ಕಾಕಾನಿಗೆ ಮೀಸೆ ಇತ್ತೋ ಇಲ್ಲವೋ, ಆಣೆ ಮಾಡಿ ಹೇಳಲಾರೆ. ಆದರೆ ಅವನ ಬಲಗೈ ತೋರುಬೆರಳಿನ ಬಗ್ಗೆ ಸಂಶಯವಿಲ್ಲ. ಕರೆಂಟಿನ ಮೀಟರ್ ಕಂಡಲ್ಲೆಲ್ಲ ಆ ಬೆರಳು ಹೋಗಿ ಗಾಜಿನ ಮೇಲೆ ಕೂಡುತ್ತಿತ್ತು. ಒಳಗೆ ತೆಳ್ಳನೆಯ ಅಲ್ಯೂಮಿನಿಯಂ ಚಕ್ರ, ಅದರ ಅಂಚಿಗೊಂದು ಕಪ್ಪು ಗುರುತು. ಗುರುತು ಹಾದುಹೋದಾಗಲೆಲ್ಲ ಬೆರಳು ಒಮ್ಮೆ ಮಿಡಿಯುತ್ತಿತ್ತು. ನಾಲ್ಕೈದು ಮಿಡಿತಗಳಲ್ಲಿ ಚಕ್ರದ ವೇಗ ಅಳೆದು ಕಾಕಾ ಬಾಗಿಲ ಕಡೆ ತಿರುಗಿ ಕೂಗುತ್ತಿದ್ದ: "ಇಸ್ತ್ರಿ ಪೆಟ್ಟಿಗಿ ಹಚ್ಚಿಟ್ಟು ಯಾರ ಸಂಗಟ ಮಾತಾಡಾಕತ್ತೀರಿ? ಅಂಗಿ ಸುಟ್ಟೀತು ನೋಡ್ರಿ!"

ಅವನು ನನ್ನ ಅಪ್ಪನ ತಮ್ಮ. ಕಮಲಾಪುರದಲ್ಲಿ ನಮ್ಮದೂ ಅವನದೂ ಒಂದೇ ಗೋಡೆಯ ಮನೆಗಳು. ಊರಿನ ಮನೆಗಳ ಮೀಟರ್ ಓದುವುದು ಅವನ ನೌಕರಿ. ಮಹಾಗಾಂವ ಮತ್ತು ಸುತ್ತಲಿನ ಹಳ್ಳಿಗಳೂ ಅವನ ಪಾಲಿಗೇ ಇದ್ದವು. ಸಂಜೆ ಬರುವಾಗ ಚೀಲದಲ್ಲಿ ಯಾರೋ ಕೊಟ್ಟ ಎರಡು ಕೆಂಪು ಬಾಳೆಹಣ್ಣು ಇರುತ್ತಿದ್ದವು. ಒಂದನ್ನು ಮಲ್ಲುವಿಗೂ ಒಂದನ್ನು ನನಗೂ ಕೊಟ್ಟು, ಚಪ್ಪಲಿ ಬಿಡುವ ಮೊದಲೇ ಎರಡೂ ಮನೆಗಳಲ್ಲಿ ಒಂದು ಸುತ್ತು ಹಾಕಿ, ಜನರಿಲ್ಲದ ಕೋಣೆಗಳ ಸ್ವಿಚ್ಚುಗಳನ್ನೆಲ್ಲ ಆರಿಸುತ್ತಿದ್ದ. "ಖಾಲಿ ಖೋಲ್ಯಾಗ ಫ್ಯಾನ್ ಯಾರಿಗೆ ಗಾಳಿ ಬೀಸಾಕತ್ತದ? ಗ್ವಾಡಿಗೇನು ಶೆಕಿ ಆಗ್ಯಾದೇನು?" ಎಂದು ಕೇಳುತ್ತಿದ್ದ. ಕಾಕಿ ಒಳಗಿನಿಂದಲೇ, "ಬಂತು ನೋಡ್ರಿ ಕತ್ತಲಿ" ಅನ್ನುತ್ತಿದ್ದಳು.

ಭಾನುವಾರ ನಮಗೊಂದು ಆಟ ಕಲಿಸಿದ್ದ. ಮನೆಯ ಎಲ್ಲ ಸ್ವಿಚ್ಚುಗಳನ್ನು ಆರಿಸಿ, ಓಡಿಬಂದು ಮೀಟರಿನ ಮುಂದೆ ಉಸಿರು ಹಿಡಿದು ನಿಲ್ಲಬೇಕು. ಚಕ್ರ ಪೂರ್ತಿ ನಿಂತರೆ ಗೆದ್ದಂತೆ. ಇನ್ನೂ ತೆವಳುತ್ತಿದ್ದರೆ ಎಲ್ಲೋ ಏನೋ ಕರೆಂಟ್ ತಿನ್ನುತ್ತಿದೆ, ಅದನ್ನು ಹುಡುಕಬೇಕು. ನಾನು ಭೌತಶಾಸ್ತ್ರ ಓದಿ, ಕಲಬುರಗಿಯ ಕಾಲೇಜಿನಲ್ಲಿ ಅದನ್ನೇ ಕಲಿಸುವಂತಾದದ್ದು ಆ ಆಟದಿಂದ ಎಂದು ಒಮ್ಮೆ ಭಾಷಣದಲ್ಲಿ ಹೇಳಿದ್ದೇನೆ. ನಿಜವೋ, ಹೇಳಿಹೇಳಿ ನಿಜವಾಯಿತೋ ಗೊತ್ತಿಲ್ಲ.

ಮಹಾಗಾಂವದ ಒಂದು ಮನೆಯಲ್ಲಿ ಎಲ್ಲ ಆರಿಸಿದರೂ ಚಕ್ರ ನಿಲ್ಲಲಿಲ್ಲವಂತೆ. "ಏನೂ ಹಚ್ಚಿಲ್ರಿ" ಎಂದು ಸೊಸೆ ಹಟ ಹಿಡಿದಳಂತೆ. ಕಾಕಾ ವಯರಿನ ಜಾಡು ಹಿಡಿದು ಹೋಗಿ ನೋಡಿದರೆ, ಜೋಳದ ಚೀಲಗಳ ಹಿಂದೆ ಬುಟ್ಟಿ, ಬುಟ್ಟಿಯೊಳಗೆ ಬಲ್ಬು, ಬಲ್ಬಿನ ಕೆಳಗೆ ಆರು ಕೋಳಿಮರಿ. ಮೊಟ್ಟೆಯ ಹೆಸರೆತ್ತಿದರೆ ಸ್ನಾನ ಮಾಡುವ ಅತ್ತೆಯ ಮನೆ ಅದು. "ಏನವ್ವಾ, ಜ್ವಾಳದ ಚೀಲದ ಹಿಂದ ಸೂರ್ಯನ್ನ ಕೂಡಿಸೀಯಲ್ಲ!" ಎಂದು ನಕ್ಕು, ಪಡಸಾಲೆಯಲ್ಲಿ ಕೂತ ಅತ್ತೆಗೆ "ವಯರ್ ಹಳೇದದ ರೀ, ಅದಕ್ಕ ಹಂಗ" ಎಂದು ಹೇಳಿ ಬಂದನಂತೆ. ಮಲ್ಲುವನ್ನು ಕೇಳಿದರೆ ಅದು ಕೋಳಿಮರಿಯಲ್ಲ, ರೇಡಿಯೊ ಅನ್ನುತ್ತಾನೆ. ನನಗೆ ಕೋಳಿಮರಿಗಳೇ ಕಾಣುತ್ತವೆ.

ಸ್ವಿಚ್ ಆರಿಸುವುದರಲ್ಲಿ ಇಷ್ಟು ಚುರುಕಾಗಿದ್ದವನಿಗೆ ಹಾಕುವುದರಲ್ಲಿ ಒಂದು ನೇಮವಿತ್ತು. ಒಮ್ಮೆ ಬೇಸಿಗೆಯಲ್ಲಿ ಕಾಕಿ ಫ್ಯಾನ್ ಒರೆಸಲೆಂದು ಮೇನ್ ಸ್ವಿಚ್ ತೆಗೆದು, ಹಾಕುವುದನ್ನು ಮರೆತು, ಶಾವಿಗೆ ಮಾಡಲು ಆಚೆ ಓಣಿಗೆ ಹೋಗಿದ್ದಳು. ಮಧ್ಯಾಹ್ನ ಬಂದ ಕಾಕಾ ಮೇನ್ ನೋಡಿದ, ಹಾಕಲಿಲ್ಲ. ಅಂಗಿ ಬಿಚ್ಚಿ, ಬೆವರು ಸುರಿಸುತ್ತ ಹೊಸ್ತಿಲ ಮೇಲೆ ಕೂತ. ಕಾಕಿ ಬಂದಾಗ ಬಿಸಿಲು ಇಳಿದಿತ್ತು.

"ಕೈಗೇನ್ ಲಕ್ವಾ ಹೊಡದಿತ್ತೇನು? ಒಂದು ಸ್ವಿಚ್ ಹಾಕಾಕ?"

"ಬಂದ್ ಮಾಡಿದಾಕಿ ನೀ. ಹಾಕಾಕೀನೂ ನೀನ."

"ಮೀಟರ್ ನೋಡಾವಗ ಲೈನ್‌ಮನ್ ಕಾನೂನು ಯಾಕ ಬೇಕ್ರಿ?"

ಅದು ಲೈನ್‌ಮನ್‌ಗಳ ಕಾನೂನೇ. ಒಬ್ಬ ತೆಗೆದ ಸ್ವಿಚ್ಚನ್ನು ಇನ್ನೊಬ್ಬ ಹಾಕಬಾರದು. ತೆಗೆದವನು ಕಂಬದ ಮೇಲೆ ಇರಬಹುದು. ಕಾಕಾ ನೌಕರಿಗೆ ಸೇರಿದ ವರ್ಷವೇ ಅವನ ಜೊತೆಗಾರನೊಬ್ಬ ಹಾಗೆ ತಂತಿಗೆ ಅಂಟಿಕೊಂಡು ಸತ್ತಿದ್ದ. ಅದರ ಬಗ್ಗೆ ಕಾಕಾ ಹೇಳಿದ್ದು ಇಷ್ಟೇ: "ಹಾಕಿದವನಿಗೆ ಗೊತ್ತ ಇರಲಿಲ್ಲ. ಗೊತ್ತಿಲ್ದ ಹಾಕಿದ. ಅಷ್ಟ ಸಾಕಾತು."

ಕಾಕಿ ತೀರಿಕೊಂಡ ಮೇಲೆ ಮಲ್ಲು ಅವನನ್ನು ಕಲಬುರಗಿಗೆ ಕರೆತಂದ. ಮಲ್ಲು ನಂದೂರಿನ ದಾಲ್ ಮಿಲ್ಲಿನಲ್ಲಿ ಮಶೀನುಗಳ ಮೇಲ್ವಿಚಾರಕ. ರಿಂಗ್ ರೋಡಿನ ಆಚೆ ಹೊಸದಾಗಿ ಮನೆ ಕಟ್ಟಿದ್ದ; ಹೊಸ ಮನೆಯಾದ್ದರಿಂದ ಸ್ಮಾರ್ಟ್ ಮೀಟರ್ ಕೂಡಿಸಿದ್ದರು. ಕಾಕಾ ಅದರ ಮುಂದೆ ಬಹಳ ಹೊತ್ತು ನಿಂತಿದ್ದ. "ಇದರಾಗ ಚಕ್ರಾನ ಇಲ್ಲಲ್ಲೋ ಮಲ್ಲು. ಸುಮ್ಮ ಕಣ್ಣು ಪಿಳಿಪಿಳಿ ಮಾಡತದ." ಅರ್ಧರ್ಧ ಗಂಟೆಗೆ ಮನೆ ಎಷ್ಟು ಕರೆಂಟ್ ಎಳೆಯಿತೆಂಬ ಗೆರೆ ಮಲ್ಲುವಿನ ಫೋನಿನಲ್ಲಿ ಬರುತ್ತದೆಂದು ನಾನು ತೋರಿಸಿಕೊಟ್ಟೆ. ಸಿಟ್ಟಾಗುತ್ತಾನೆ ಅಂದುಕೊಂಡಿದ್ದೆ. ಅವನು ಕನ್ನಡಕ ಏರಿಸಿ, ಗೆರೆಯ ಏರಿಳಿತ ಓದತೊಡಗಿದ: "ಇದು ಗೀಜರ್. ಇದು ನೀರಿನ ಮೋಟರ್. ಇದು... ಸವಿತಾ, ನಿನ್ನಿ ಮಧ್ಯಾಹ್ನ ಎರಡ ಸಲ ಮಿಕ್ಸರ್ ಹಾಕೀದಿ?" ಮಲ್ಲುವಿನ ಹೆಂಡತಿ ಸವಿತಾ ಸೆರಗು ಬಾಯಿಗಿಟ್ಟು ನಕ್ಕಳು. ಆಮೇಲೆ ದಿನವೂ ಮಲ್ಲು ಮಿಲ್ಲಿನಿಂದ ಬರುವುದನ್ನೇ ಕಾಯುತ್ತಿದ್ದ, ಮಗನಿಗಾಗಿಯೋ ಫೋನಿಗಾಗಿಯೋ.

ಆ ಬೇಸಿಗೆಗೆ ಸವಿತಾಳಿಗೆ ಮಗು ಹುಟ್ಟಿ ಎರಡು ತಿಂಗಳು. ಮಗುವಿನ ಮೈತುಂಬ ಬೆವರುಸಾಲೆ. ಕೆಳಗಿನ ಕೋಣೆಗೆ ಎ.ಸಿ. ಬಂತು. ಕಾಕಾ ತನ್ನ ಕೂಲರ್ ಎತ್ತಿಸಿಕೊಂಡು ಮೇಲಿನ ತಗಡಿನ ಕೋಣೆಗೆ ಹೋದ. ಯಾರೂ ಹೋಗೆನ್ನಲಿಲ್ಲ, ಬೇಡವೆಂದೂ ಅನ್ನಲಿಲ್ಲ. ನಳಕ್ಕೆ ನೀರು ನಾಲ್ಕು ದಿನಕ್ಕೊಮ್ಮೆ, ಮಧ್ಯಾಹ್ನ ಎರಡಕ್ಕೆ. ಆಗ ಮೋಟರ್ ಹಾಕಿದರೆ ಮನೆಗೆ ಮಂಜೂರಾದ ಲೋಡ್ ಮೀರಿ, ಹೊಸ ಮೀಟರ್ ತಾನೇ ಲೈನ್ ಕಡಿದುಬಿಡುತ್ತಿತ್ತು. ಎ.ಸಿ. ನಿಂತು ಮಗು ಕಿರುಚುತ್ತಿತ್ತು. "ಅಕ್ಕಾ, ಏನರ ಮಾಡು" ಎಂದ ಮಲ್ಲು.

ನಾನು ಫೋನಿನಿಂದ ಆರಿಸಬಹುದಾದ ಒಂದು ಸ್ಮಾರ್ಟ್ ಪ್ಲಗ್ ತಂದೆ. ಅದು ತಾಳುವುದು ಸಣ್ಣ ಲೋಡ್ ಮಾತ್ರ. ಎ.ಸಿ.ಗೆ ಹಾಕುವಂತಿಲ್ಲ, ಮೋಟರಿಗೆ ಹಾಕುವಂತಿಲ್ಲ. ಉಳಿದದ್ದು ಕಾಕಾನ ಕೂಲರ್. ಮೂರರಲ್ಲಿ ಕೂಲರ್ ಎಳೆಯುವುದು ಎಲ್ಲಕ್ಕಿಂತ ಕಡಿಮೆ ಎಂದು ನನಗೆ ಗೊತ್ತಿತ್ತು. ಅದನ್ನೇ ನಾನು ವಿದ್ಯಾರ್ಥಿಗಳಿಗೆ ಲೆಕ್ಕ ಮಾಡಿಸುತ್ತೇನೆ. ಆದರೂ ಹಾಕಿದೆ. ಲೋಡ್ ಗಡಿಯ ಹತ್ತಿರ ಬಂದಾಗ ಅಷ್ಟು ಇಳಿಸಿದರೂ ಸಾಕಾಗುತ್ತಿತ್ತು. ಪಂಕ್ತಿಯಲ್ಲಿ ಎಲ್ಲರಿಗಿಂತ ಕಡಿಮೆ ಉಣ್ಣುವವನ ತಾಟನ್ನೇ ಎಳೆದೆವು.

ಮಲ್ಲುವಿಗೆ ಕಲಿಸಲೆಂದು ಅವನ ಫೋನಿನಲ್ಲಿ ಒಂದು ಟೈಮರ್ ಕೂಡ ಇಟ್ಟು ತೋರಿಸಿದೆ: ನೀರು ಬರುವ ದಿನ ಎರಡು ಗಂಟೆಗೆ ಕೂಲರ್ ಆಫ್. ಮತ್ತೆ ಆನ್ ಮಾಡುವ ವೇಳೆ ಇಡುವಷ್ಟರಲ್ಲಿ ಸವಿತಾ ಊಟಕ್ಕೆ ಕರೆದಳು.

ಕಾಕಾ ಪ್ಲಗ್ಗನ್ನು ತಿರುವಿ ಮುರುವಿ ನೋಡಿದ. "ಮಂದಿ ಹಿಂದ ಅಡ್ಡಾಡಿ ಸ್ವಿಚ್ ಬಂದ್ ಮಾಡಿದೆ. ಈಗ ನನ್ನ ಹಿಂದೂ ಒಬ್ಬ ಬಂದಾ ನೋಡು."

"ಶೆಕಿ ಆದ್ರ ಈ ಗುಂಡಿ ಒತ್ತು ಕಾಕಾ. ಮತ್ತ ಚಾಲೂ ಆಗತದ."

"ಯಾರೋ ಬಂದ್ ಮಾಡಿದ್ದು ನಾ ಹ್ಯಾಂಗ ಹಾಕಲಿ?"

"ಇಲ್ಲಿ ಕಂಬದ ಮ್ಯಾಲ ಯಾರೂ ಇಲ್ಲ ಕಾಕಾ."

"ಅದು ನಿನಗ ಹ್ಯಾಂಗ ಗೊತ್ತು?"

ನಾನು ನಕ್ಕೆ. ಮೆಟ್ಟಿಲಿಳಿಯುವಾಗ ಮತ್ತೆ ಕರೆದು ಕೇಳಿದ: "ಯವ್ವಾ, ನಮ್ಮ ಲೈನ್‌ಮನ್‌ಗಳು ಸ್ವಿಚ್ಚಿಗೆ ಹೆಸರು ಬರದು ಚೀಟಿ ಕಟ್ತಿದ್ರು. ಇದಕ್ಕ ಯಾರು ಬಂದ್ ಮಾಡ್ಯಾರಂತ ಹ್ಯಾಂಗ ತಿಳೀಬೇಕು?"

"ಫೋನಿನ್ಯಾಗ ಬರೀತದ. ಗುಂಡಿ ಒತ್ತ್ಯಾರೋ, ಫೋನಿಂದ ಮಾಡ್ಯಾರೋ, ಟೈಮರೋ, ಎಲ್ಲಾ."

"ಹಂಗಾದ್ರ ಆತು. ನನಗ ಕಾಣಂಗಿಲ್ಲ, ಆದ್ರ ಎಲ್ಲೋ ಬರದಿರತದ."

ಅದು ಅವನು ನನ್ನೊಡನೆ ಆಡಿದ ಕೊನೆಯ ಮಾತು. ಮಾತು ಇದೇ ಕ್ರಮದಲ್ಲಿತ್ತೇ ಎಂದು ಈಗ ನನ್ನನ್ನೇ ಕೇಳಿಕೊಳ್ಳುತ್ತೇನೆ.

ನಾಲ್ಕನೆಯ ದಿನ, ನೀರು ಬಂದ ದಿನ, ಸಂಜೆ ಸವಿತಾ ಚಹಾ ಒಯ್ದಾಗ ಕಾಕಾ ಮಂಚದ ಮೇಲಿದ್ದ. ಎದೆಯ ಮೇಲೆ ಹಾಕಿಕೊಂಡಿದ್ದ ಒದ್ದೆ ಟವೆಲ್ ಒಣಗಿ ಬಿರುಸಾಗಿತ್ತು. ಕೂಲರಿನಲ್ಲಿ ನೀರು ಅರ್ಧಕ್ಕೂ ಇಳಿದಿರಲಿಲ್ಲ. ರೆಕ್ಕೆ ನಿಂತಿತ್ತು, ಪ್ಲಗ್ಗಿನ ದೀಪ ಆರಿತ್ತು. ಕೆಳಗೆ ಕರೆಂಟ್ ಇತ್ತು. "ಮಾವಾರು ಮಲಗ್ಯಾರಂತ ತಿಳದೆ" ಎಂದು ಸವಿತಾ ಬಂದವರಿಗೆಲ್ಲ ಹೇಳುತ್ತಿದ್ದಳು. ಡಾಕ್ಟರು ಬಿಸಿಲಿನ ಹೊಡೆತ ಎಂದರು.

ಅವನೇ ಆರಿಸಿರಬಹುದು. ಎ.ಸಿ. ನಿಲ್ಲಬಾರದು, ಮಗು ಅಳಬಾರದು ಎಂದು ತಾನೇ ಎದ್ದು ಗುಂಡಿ ಒತ್ತಿರಬಹುದು. ಹಾಗೆ ಮಾಡುವ ಮನುಷ್ಯನೇ. ಮಲ್ಲು ಮಿಲ್ಲಿನಿಂದ ಆರಿಸಿ, ಗದ್ದಲದಲ್ಲಿ ಮತ್ತೆ ಹಾಕುವುದನ್ನು ಮರೆತಿರಬಹುದು. ಇಲ್ಲವೇ ನನ್ನ ಟೈಮರ್. ಪ್ಲಗ್ ತಂದ ದಿನ ನನ್ನ ಡೈರಿಯಲ್ಲಿರುವುದು ಒಂದೇ ಸಾಲು: "ಮಲ್ಲುವಿನ ಮನೆ. ಕೂಲರಿಗೆ ಪ್ಲಗ್ ಹಾಕಿದೆ. ಬದನೆಕಾಯಿ ಪಲ್ಯ." ಊಟದ ನಂತರ ಟೈಮರ್ ತೆಗೆದೆನೆಂದು ಬರೆದಿಲ್ಲ. ತೆಗೆದಂತೆ ನೆನಪಿದೆ. ಬೆರಳು ಟೈಮರ್ ಅಳಿಸುವ ಗುರುತನ್ನು ಒತ್ತಿದ್ದು ಕಣ್ಣಿಗೆ ಕಟ್ಟುತ್ತದೆ. ಆದರೆ ಅದು ಆಮೇಲೆ ನಾನೇ ಕಟ್ಟಿಕೊಂಡ ಚಿತ್ರವಿರಬಹುದು. ಮೂರೂ ದಾರಿಗಳ ಕೊನೆಗೆ ಒಬ್ಬ ಮುದುಕ ತಗಡಿನ ಕೆಳಗೆ, ಕೈಗೆಟಕುವ ಗುಂಡಿಯನ್ನು ಒತ್ತದೆ, ಯಾರದೋ ಜೀವ ಕಾಯುತ್ತ ಕೂತಿದ್ದಾನೆ.

ಕಮಲಾಪುರದಲ್ಲಿ ಕಾಕಾನ ದಿನದ ಕಾರ್ಯ ಮುಗಿದ ಸಂಜೆ ಮಲ್ಲು ಅಂಗಳದಲ್ಲಿ ಜಮಖಾನೆ ಸುತ್ತುತ್ತಿದ್ದ. ನಾನು ಹೋಗಿ ಪಕ್ಕದಲ್ಲಿ ಕೂತು ಕೇಳಿದೆ. ಅವನ ಕೈ ನಿಂತಿತು. ಫೋನು ಅಂಗಿಯ ಕಿಸೆಯಲ್ಲೇ ಇತ್ತು. ಮುಟ್ಟಿ ನೋಡಿಕೊಂಡ, ತೆಗೆಯಲಿಲ್ಲ. ಆಮೇಲೆ ಜಮಖಾನೆಯನ್ನು ಹೆಗಲಿಗೇರಿಸಿ ಒಳಗೆ ಹೋದ. ಈಗಲೂ ವಾರಕ್ಕೊಮ್ಮೆ ಫೋನ್ ಮಾಡುತ್ತಾನೆ. ಮಗುವಿಗೆ ಹಲ್ಲು ಬಂದದ್ದು, ಮಿಲ್ಲಿಗೆ ಹೊಸ ತೊಗರಿ ಬಂದದ್ದು ಎಲ್ಲ ಹೇಳುತ್ತಾನೆ. ಇದೊಂದನ್ನು ಹೇಳದೆ ಅವನು ಉಳಿಸುತ್ತಿರುವುದು ತನ್ನನ್ನೋ ನನ್ನನ್ನೋ ತಿಳಿಯದು. ಅಂದು ಜಮಖಾನೆಯ ಪಕ್ಕ ಕೂತು ನಾನು ಕೇಳಿದ್ದು ಇಷ್ಟೇ:

"ಮಲ್ಲು, ಖರೇ ಹೇಳು, ಫೋನಿನ್ಯಾಗ ನೋಡೀಯಿಲ್ಲೋ? ಕೂಲರ್ ಬಂದ್ ಮಾಡಿದ್ದು ಯಾರಂತ ಬರದದ?"