ಬೆನ್ನ ಹಿಂದಿನ ಹ್ವಾಯ್

ಜಿತೇಂದ್ರ ದೊಡ್ಡವನೋ ಸೋಮ ದೊಡ್ಡವನೋ ಎಂದು ಗಂಗೊಳ್ಳಿಯ ದೇವಪ್ಪಣ್ಣನ ಚಾ ಅಂಗಡಿಯಲ್ಲಿ ಯಾರಾದರೂ ಶುರು ಮಾಡಿದರೆ ನನ್ನ ಪಿತ್ತ ಇವತ್ತಿಗೂ ನೆತ್ತಿಗೇರುತ್ತದೆ. ಮಾತಾಡುವವರಲ್ಲಿ ಅರ್ಧ ಜನ ಜನ್ಮದಲ್ಲಿ ವಾಲಿಬಾಲ್ ಮುಟ್ಟಿದವರಲ್ಲ. ನಾನು ಶೇಖರ, ಐಸ್ ಪ್ಲಾಂಟಿನಲ್ಲಿ ಕೆಲಸ, ಗಂಗೊಳ್ಳಿ ತಂಡದ ಸ್ಮ್ಯಾಶರ್. ತೊಂಬತ್ತೇಳರಿಂದ ಸೋಮ ಎತ್ತಿಕೊಟ್ಟ ಚೆಂಡನ್ನೇ ಹೊಡೆದವ. ಹಾಗಾಗಿ ನನ್ನ ಮಾತು ಸ್ವಲ್ಪ ಕೇಳಿ.

ಲಿಫ್ಟರ್ ಎಂದರೆ ಹೊಡೆಯುವವನಲ್ಲ, ಹೊಡೆಯುವವನಿಗೆ ಚೆಂಡು ಎತ್ತಿಕೊಡುವವ. ಚಪ್ಪಾಳೆ ನಮಗೆ, ಬೈಗುಳ ಅವನಿಗೆ. ಬೈಂದೂರಿನಿಂದ ಬ್ರಹ್ಮಾವರದವರೆಗೆ ಟೂರ್ನಮೆಂಟ್ ನಡೆಸುವವರು ಹಣ ಕೊಟ್ಟು ಕರೆಸುತ್ತಿದ್ದ ಲಿಫ್ಟರುಗಳು ಇಬ್ಬರೇ. ಬಿಜೂರಿನ ಜಿತೇಂದ್ರ ಎತ್ತರದ ಆಳು. ಅವನು ಎತ್ತಿದ ಚೆಂಡು ಮೇಲೆ ಹೋಗಿ ಅಲ್ಲೇ ಕೂತು, ಹೊಡೆಯುವವನು ಬೆವರು ಒರೆಸಿಕೊಂಡು ಬರುವವರೆಗೂ ಕಾಯುತ್ತಿತ್ತು. ತಪ್ಪು ಎಂಬುದೇ ಇಲ್ಲ. ನಮ್ಮ ಸೋಮ ಗಿಡ್ಡ. ಆದರೆ ಮುಖ ಒಂದು ಕಡೆ, ಚೆಂಡು ಇನ್ನೊಂದು ಕಡೆ. ತಿರುಗಿಯೂ ನೋಡದೆ ಬೆನ್ನ ಹಿಂದಕ್ಕೆ ಎತ್ತಿಬಿಡುವನು. ಎದುರಿನ ಬ್ಲಾಕರುಗಳು ಎಡಕ್ಕೆ ಹಾರಿ ಕೈ ಚಾಚಿದಾಗ ಚೆಂಡು ಬಲದಲ್ಲಿ ನೆಲ ಕಂಡಾಗಿರುತ್ತಿತ್ತು.

ಅವನು ನೋಡುತ್ತಿರಲಿಲ್ಲ, ಕೇಳುತ್ತಿದ್ದ. ನಾವು 'ಹ್ವಾಯ್' ಎಂದರೆ ಸಾಕು, ದನಿ ಬಂದ ಕಡೆಗೆ ಚೆಂಡು. ಈ ವಿದ್ಯೆ ಕಲಿತದ್ದು ಅವನ ಮನೆಯ ಅಂಗಳದಲ್ಲಿ, ಹೆಂಡತಿ ವನಜನಿಂದ. ಅವಳು ನಾವುಂದದವಳು. ನಮ್ಮ ಕಡೆಯ ಹೆಂಗಸರು ಗಂಡನ ಹೆಸರು ಹೇಳುವುದುಂಟೇ? 'ಹ್ವಾಯ್' ಎಂದೇ ಕರೆಯುವುದು. ಎರಡು ತೆಂಗಿನ ಮರಕ್ಕೆ ಹಳೆಯ ಬಲೆ ಕಟ್ಟಿ, ಅವಳು ಹಿಂದೆ ನಿಂತು 'ಹ್ವಾಯ್' ಎನ್ನುವಳು, ಇವನು ಬೆನ್ನ ಹಿಂದಕ್ಕೆ ಎತ್ತುವನು. ಹಾಗೆ ಎಷ್ಟು ಸಂಜೆಗಳು ಹೋದವೋ ಏನೋ!

ಇನ್ನು ಅವನ ಕಷ್ಟ ಕೇಳಿ. ಮೀನುಗಾರರ ಮನೆಯಲ್ಲಿ ಹುಟ್ಟಿದ ಸೋಮನಿಗೆ ಕಡಲು ಆಗುತ್ತಿರಲಿಲ್ಲ. ಬೋಟು ಅಳಿವೆ ದಾಟಿ ಕಡಲಿಗೆ ಹೊಕ್ಕರೆ ವಾಂತಿ, ಕರುಳೇ ಬಾಯಿಗೆ ಬರುವಂಥ ವಾಂತಿ. "ಮೀನ್ ಮರಿಗೆ ಈಜ್ ಕಲಿಸ್ಕಾ ಅಂಬ್ರ್, ಈ ಮರಿಗೆ ನೀರ್ ಕಂಡ್ರೇ ತಲಿ ತಿರ್ಗತ್ತ್!" ಎಂದು ದೇವಪ್ಪಣ್ಣ ನಗಾಡುತ್ತಿದ್ದ. ಸೋಮ ಬಂದರಿನಲ್ಲಿ ಮೀನು ಹೊತ್ತುಕೊಂಡು ದಿನ ದೂಡುತ್ತಿದ್ದ.

2004ರ ಜನವರಿಯಲ್ಲಿ ಹೊರ ಊರಿನ ಒಂದು ಕಂಪೆನಿಯವರು ತಮ್ಮ ತಂಡಕ್ಕೆ ಲಿಫ್ಟರ್ ಹುಡುಕುತ್ತ ಕುಂದಾಪುರಕ್ಕೆ ಬಂದರು. ಆಡಿದರೆ ಖಾಯಂ ನೌಕರಿ. ಬೇಕಾದದ್ದು ಒಬ್ಬನೇ. ಸೋಮನ ವಯಸ್ಸಿಗೆ ಅದೇ ಕೊನೆಯ ಅವಕಾಶ. ಅತ್ತ ಅಪ್ಪನ ಸೊಂಟ ಬಿದ್ದುಹೋಗಿ ಬೋಟಿನಲ್ಲಿ ಅವನ ಜಾಗ ಖಾಲಿಯಾಗಿತ್ತು. ನೌಕರಿ ಸಿಗದಿದ್ದರೆ ಸೋಮ ಕಡಲಿಗೆ ಇಳಿಯಲೇಬೇಕು.

ಫೈನಲ್ಲಿಗೆ ಬಂದದ್ದು ನಾವು ಮತ್ತು ಬಿಜೂರು. ಬೆಳಿಗ್ಗೆ ಸೋಮ ಹೆಂಡತಿಗೆ ಹೇಳಿದ್ದ, "ನೀ ಬಪ್ಪುದ್ ಬ್ಯಾಡ. ನೀ ಕಣ್ಣಿಗ್ ಬಿದ್ರೆ ಕೈ ನಡ್ಗತ್ತ್." ಆಯಿತು ಎಂದಳು. ಆದರೆ ಬಂದಳು. ತಲೆಗೆ ಸೆರಗು ಹೊದ್ದು ಬಲಗಡೆಯ ಗೆರೆಯಾಚೆ ಹೆಂಗಸರ ನಡುವೆ ಕೂತಿದ್ದಳಂತೆ.

ಕಂಪೆನಿಯ ಇಬ್ಬರು ನೆಟ್ಟಿನ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡಿದ್ದರು. ಅವರು ನಮ್ಮ ಯಾರ ಹೊಡೆತವನ್ನೂ ನೋಡಲಿಲ್ಲ, ಸೋಮನ ಬೆರಳು, ಜಿತೇಂದ್ರನ ಬೆರಳು, ಅಷ್ಟೇ. ಎರಡು ಸೆಟ್ಟು ಬಿಜೂರಿಗೆ, ಎರಡು ನಮಗೆ. ಐದನೆಯದರಲ್ಲಿ ಹದಿನಾಲ್ಕು, ಹದಿಮೂರು. ನಾವು ಮುಂದೆ. ಇನ್ನೊಂದು ಪಾಯಿಂಟು ಸಾಕು. ಸೋಮನ ತುಟಿ ಒಣಗಿ ಬಿಳಿಯಾಗಿತ್ತು.

ಬಿಜೂರಿನವರು ಹೊಡೆದರು. ನಮ್ಮ ಬಲಗಡೆಯ ಮುತ್ತ ಹಾರಿ ಬಿದ್ದು ಚೆಂಡು ಉಳಿಸಿದ, ಬಿದ್ದವನು ಏಳಲಿಲ್ಲ. ಚೆಂಡು ಸರಿಯಾಗಿ ಸೋಮನ ತಲೆಯ ಮೇಲೆ ಬಂತು. ನಾನು ಎಡದಿಂದ ಓಡುತ್ತಾ ಬಾಯಿ ತೆರೆಯಬೇಕು, ಅಷ್ಟರಲ್ಲಿ ಬಲಗಡೆಯಿಂದ ದನಿ ಬಂತು.

"ಹ್ವಾಯ್!"

ಮೈದಾನದಲ್ಲಿ ನೂರು ಜನ ಹ್ವಾಯ್ ಎನ್ನುತ್ತಿದ್ದರು. ಅದ್ಯಾವುದೂ ಸೋಮನ ಕಿವಿಗೆ ಹೋಗುತ್ತಿರಲಿಲ್ಲ. ಇದು ಹೋಯಿತು. ಬೆರಳು ಅದರಷ್ಟಕ್ಕೇ ಕೆಲಸ ಮಾಡಿತು. ಎಂಥ ಲಿಫ್ಟ್ ಅಂತೀರಿ! ಬೆನ್ನ ಹಿಂದೆ, ನೆಟ್ಟಿನ ಉದ್ದಕ್ಕೆ, ಹೂವು ಎತ್ತಿಟ್ಟ ಹಾಗೆ. ಆದರೆ ಅಲ್ಲಿ ಯಾರೂ ಇರಲಿಲ್ಲ. ಚೆಂಡು ಗೆರೆ ದಾಟಿ ಹೋಗಿ ವನಜನ ಮಡಿಲಿಗೇ ಬಿತ್ತು.

ಇಡೀ ಮೈದಾನ ಹೊಟ್ಟೆ ಹಿಡಿದುಕೊಂಡು ನಕ್ಕಿತು. "ಗಂಡ ಹೆಂಡ್ತಿ ಮನ್ಯಗ್ ಆಡ್ಕಣಿ ಮಾರಾಯ್ರೆ!" ಎಂದ ಒಬ್ಬ. ಮುಂದಿನ ಎರಡು ಪಾಯಿಂಟು ಹೇಗೆ ಹೋಯಿತೆಂದು ನನಗೆ ನೆನಪಿಲ್ಲ. ಗೆದ್ದದ್ದು ಬಿಜೂರು.

ನಾನು ಕೆಂಡವಾಗಿ ವನಜನ ಹತ್ತಿರ ಹೋದೆ. "ಎಂತಕ್ ಕರದ್ರಿ ವನಜಕ್ಕ? ಎಂತಕ್?"

"ಬಲ್ಗಡೆ ಖಾಲಿ ಇತ್ತ್" ಎಂದಳು. ಚೆಂಡು ಇನ್ನೂ ಮಡಿಲಲ್ಲೇ ಇತ್ತು. ಸುತ್ತಲಿನವರು ಮತ್ತೆ ನಕ್ಕರು.

ಸೋಮ ಬಂದು ನನ್ನ ಭುಜ ಹಿಡಿದ. "ಬೈಬ್ಯಾಡ ಶೇಖ್ರ. ಅವ್ಳ್ ಕರದ್ಳ್, ನಾ ಕೊಟ್ಟೆ. ಅಷ್ಟೇ."

ನೌಕರಿ ಜಿತೇಂದ್ರನಿಗಾಯಿತು. ಮಳೆಗಾಲ ಮುಗಿದು ಬೋಟುಗಳು ಇಳಿದ ದಿನ ಸೋಮನೂ ಹತ್ತಿದ. ವಾಪಸು ಬಂದಾಗ ಮುಖ ಅರಿಶಿನ ಹಚ್ಚಿದ ಹಾಗೆ ಹಳದಿ, ಕಾಲು ನೆಲಕ್ಕೆ ನಿಲ್ಲುತ್ತಿರಲಿಲ್ಲ. ವರ್ಷಗಟ್ಟಲೆ ಹಾಗೆಯೇ. ವನಜ ಬೋಟು ನಿಲ್ಲುವ ದಕ್ಕೆಗೆ ಬಂದು ಅವನ ಕೈ ಹಿಡಿದು ಕರೆದುಕೊಂಡು ಹೋಗುವಳು. ಅವಳ ಬಾಯಲ್ಲಿ ಹ್ವಾಯ್ ಎಂಬ ಶಬ್ದ ಮತ್ತೆ ಬರಲಿಲ್ಲ. ಊಟಕ್ಕೆ ಕರೆಯುವುದಿದ್ದರೆ ಬಟ್ಟಲು ಬಡಿಯುವಳು.

2010ರಲ್ಲಿ ಜಿತೇಂದ್ರ ರಜೆಯಲ್ಲಿ ಬಂದವನು ದೇವಪ್ಪಣ್ಣನ ಅಂಗಡಿಗೆ ಬಂದ. ಬೆಂಚಿನವರು ಸುಮ್ಮನಿರುತ್ತಾರೆಯೇ? "ನೀನೇ ಹೇಳ್ ಕಾಂಬ, ಇಬ್ರಗ್ ಯಾರ್ ದೊಡ್ಡವ್ರ್?"

ಜಿತೇಂದ್ರ ಚಾ ಲೋಟ ಕೆಳಗಿಟ್ಟ. "ಆ ಕಡೀ ಬಾಲಿಗೆ ನಾ ಆಗ್ಳೇ ನಿಮ್ ಎಡಕ್ಕೆ ಹಾರಿಯಾಯ್ತ್. ಬಲ್ಗಡೆ ಬ್ಲಾಕಿಗ್ ಯಾರೂ ಇಲ್ಲ, ಪೂರಾ ಖಾಲಿ. ಅಲ್ಲ್ ಹೊಡೂಕ್ ಒಬ್ಬ ಇದ್ದಿರೆ ನನ್ ಕೆಲ್ಸ ಸೋಮಂದ್" ಎಂದ.

ನನಗೆ ತಡೆಯಲಾಗಲಿಲ್ಲ. ಅವನ ರಟ್ಟೆ ಹಿಡಿದು ಎಳೆದೆ. "ಇಲ್ಲ್ ಹೇಳ್ಬ್ಯಾಡ. ಬಾ, ಅವ್ಳೆದ್ರಿಗ್ ಹೇಳ್."

ಸೋಮ ಅಂಗಳದಲ್ಲಿ ಬಲೆ ಹೆಣೆಯುತ್ತಿದ್ದ. ವನಜ ಮೀನು ತೊಳೆಯುತ್ತಿದ್ದಳು. ಜಿತೇಂದ್ರ ನಿಂತಲ್ಲೇ ಹೇಳಿದ, ಅಂಗಡಿಯಲ್ಲಿ ಹೇಳಿದ್ದನ್ನೇ. ವನಜನ ಕೈ ನೀರಿನಲ್ಲೇ ನಿಂತಿತು. ಬಲಗಡೆ ಖಾಲಿ, ಆರು ವರ್ಷ ಊರೆಲ್ಲ ನಕ್ಕ ಅವಳ ಮಾತು ಅದು. ತಲೆ ಎತ್ತದೆ ಅಳತೊಡಗಿದಳು. ನನಗೂ ಕಣ್ಣು ತುಂಬಿತು.

ಸೋಮ ಎದ್ದು ಒಳಗೆ ಹೋಗಿ ಅಟ್ಟದಿಂದ ಹಳೆಯ ಚೆಂಡು ತಂದ. ಗಾಳಿ ಅರ್ಧ ಹೋಗಿತ್ತು. ಹೆಂಡತಿಗೆ ಬೆನ್ನು ಮಾಡಿ ನಿಂತು ಚೆಂಡನ್ನು ತಲೆಯ ಮೇಲೆ ಹಿಡಿದ.

"ಕರಿ" ಎಂದ.

ಅವಳು ಎದ್ದು ಸೆರಗಿಗೆ ಕೈ ಒರೆಸಿಕೊಂಡಳು. ಅವನು ಕದಲಲಿಲ್ಲ. ಜಿತೇಂದ್ರ ಏನು ತಿಳಿದನೋ, ಮೆಲ್ಲಗೆ ಹೋಗಿ ಬ್ಲಾಕಿಗೆ ನಿಂತ ಹಾಗೆ ಎಡಗಡೆ ನಿಂತುಕೊಂಡ. ಕರೆಯೇ ಮಾರಾಯ್ತಿ, ಒಮ್ಮೆ ಕರೆ!

"ಹ್ವಾಯ್" ಎಂದಳು. ಅರ್ಧ ದನಿ, ಅರ್ಧ ಅಳು.

ಚೆಂಡು ಬೆನ್ನ ಹಿಂದಕ್ಕೆ ಎದ್ದಿತು. ಈ ಸಲ ಬಲಗಡೆ ಖಾಲಿ ಇರಲಿಲ್ಲ, ನಾನು ಓಡಿದ್ದೆ. ಇದ್ದ ಶಕ್ತಿಯನ್ನೆಲ್ಲ ಹಾಕಿ ಹೊಡೆದೆ. ಚೆಂಡು ಪಕ್ಕದ ಮನೆಯ ನಾಗಕ್ಕ ಒಣಹಾಕಿದ್ದ ಮೀನಿನ ಚಾಪೆಯ ಮೇಲೆ ಹೋಗಿ ಬಿತ್ತು. ಅವಳು ಹೊರಗೆ ಬಂದು ನಮ್ಮ ನಾಲ್ವರಿಗೂ ಚೆನ್ನಾಗಿ ಬೈದಳು.