ಮಸೂತಿಯಲ್ಲಿಟ್ಟ ಮನವಿ

ನಿನ್ನೆ ಮಧ್ಯಾಹ್ನ ಓಣಿಯ ಯಾರದೋ ಮನೆಯಿಂದ ಚೊಂಗೆ ಮಾಡುವ ವಾಸನೆ ಬಂತು. ಬೆಲ್ಲ, ಗಸಗಸೆ, ಕಾದ ತುಪ್ಪ... ಮೊಹರಂ ಬಂತಲ್ಲ ಎಂದುಕೊಂಡೆ. ಅದರ ಹಿಂದೆಯೇ ಪಕ್ಕದ ಮನೆಯ ಖಾಲಾ ನೆನಪಾದರು. ಮಾಡುತ್ತಿದ್ದ ಕೆಲಸ ಬಿಟ್ಟು ಕಟ್ಟೆಯ ಮೇಲೆ ಕುಳಿತುಬಿಟ್ಟೆ.

ಗಂಗಾವತಿಯಲ್ಲಿ ನಮ್ಮ ಮನೆಗೂ ಖಾಲಾ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ನಾನು ಶಾಲೆಯ ಅಕ್ಕೋರು, ಅವರು ಕೌದಿ ಹೊಲಿಯುವವರು. ಬಾಯಿ ಬಲು ಜೋರು. ನಾನು ಒಂದು ದಿನ ಸಪ್ಪಗಿದ್ದರೂ ಗೋಡೆಯ ಮೇಲಿಂದ ಇಣುಕಿ, "ಏನ್ರಿ ಅಕ್ಕೋರ, ಔಡಲೆಣ್ಣಿ ಕುಡದಂಗ ಮಾರಿ ಮಾಡೀರಲ್ಲ?" ಎನ್ನುತ್ತಿದ್ದರು.

ಅವರ ಒಬ್ಬಳೇ ಮಗಳು ಹೈದರಾಬಾದಿಗೆ ಓದಲು ಹೋದವಳು, ಅಲ್ಲಿಗೇ ಓದಲು ಬಂದಿದ್ದ ಇರಾನಿನ ಹುಡುಗನನ್ನು ಲಗ್ನವಾಗಿ ಆ ದೇಶಕ್ಕೆ ಹೋದಳು. ಅವರಿಗೊಂದು ಹೆಣ್ಣುಮಗು. ಅದಕ್ಕೆ ರಕ್ತದ ಕಾಯಿಲೆ. ತಿಂಗಳು ತಿಂಗಳು ರಕ್ತ ಹಾಕಿಸಬೇಕು, ಆ ರಕ್ತದಿಂದ ಮೈಯಲ್ಲಿ ಸೇರುವ ಕಬ್ಬಿಣ ತೆಗೆಯಲು ಹೊರದೇಶದ ಔಷಧಿ ಬೇಕು. ಇರಾನಿನ ಮೇಲೆ ಅಮೆರಿಕದ ನಿರ್ಬಂಧ. ಕಾಗದದಲ್ಲಿ ಔಷಧಿಗೆ ವಿನಾಯಿತಿ ಇತ್ತು, ಆದರೆ ಆ ದೇಶದ ಹಣ ಮುಟ್ಟಲು ಬ್ಯಾಂಕುಗಳು ಹೆದರುತ್ತಿದ್ದವು. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ. ಇಲ್ಲಿಂದ ಕಳಿಸೋಣವೆಂದರೆ ಕೊರಿಯರಿನವರು ವಿಳಾಸ ನೋಡಿಯೇ ಡಬ್ಬಿ ವಾಪಸು ಕೊಟ್ಟರು. ಎಂಟು ವರ್ಷದ ಮಗು ಯಾರ ಮೇಲೆ ಬಾಂಬು ಹಾಕಿತ್ತೋ! ನನಗಂತೂ ಈಗಲೂ ಮೈ ಉರಿಯುತ್ತದೆ.

ಆ ನಿರ್ಬಂಧವನ್ನು ಮತ್ತೆ ಮುಂದುವರಿಸುತ್ತಾರಂತೆ ಎಂದು ಟಿವಿಯಲ್ಲಿ ಬಂದ ದಿನ ಖಾಲಾ ಬಿಳಿ ಹಾಳೆ ಹಿಡಿದುಕೊಂಡೇ ಬಂದರು.

"ಬರೀರಿ ಅಕ್ಕೋರ, ಇದನ್ನ ಮತ್ತ ಹಾಕಬ್ಯಾಡ್ರಿ ಅಂತ ಬರೀರಿ. ಮಂದಿ ಸಹಿ ಮಾಡ್ಸಿ ದಿಲ್ಲ್ಯಾಗ ಇರೋ ಅವರ ಕಚೇರಿಗಿ ಕಳಸೂಣು."

"ಖಾಲಾ, ಅಮೆರಿಕಾದವರು ಗಂಗಾವತಿ ಮಾತು ಕೇಳ್ತಾರೇನ್ರಿ?"

"ಕೊಡೋದು ಬಿಡೋದು ಅವರಿಗಿ ಬಿಟ್ಟದ್ದು. ಕೇಳಾಕ ನಮಗೇನ್ ಧಾಡಿ?"

ಬರೆದುಕೊಟ್ಟೆ. ಮೊಹರಂ ದಿನಗಳಲ್ಲಿ ನಮ್ಮಲ್ಲಿ ಮಸೂತಿಗೆ ಎಲ್ಲ ಜಾತಿಯವರೂ ಬರುತ್ತಾರೆ, ಸಕ್ಕರೆ ಓದಿಸುತ್ತಾರೆ, ಹರಕೆ ಹೊರುತ್ತಾರೆ. ಸಹಿಗೆ ಅದಕ್ಕಿಂತ ಒಳ್ಳೆಯ ಜಾಗ ಯಾವುದೆಂದು ಖಾಲಾ ಆ ಹಾಳೆಗಳನ್ನು ಪೆನ್ನಿನ ಸಮೇತ, ಮಸೂತಿಯಲ್ಲಿ ಕೂರಿಸಿದ್ದ ಅಲಾಯಿ ದೇವರ ಪಂಜಾಗಳ ಮುಂದೆ ಇಟ್ಟು ಬಂದರು. ದೇವರ ಮುಂದಿನ ಕಾಗದ! ಜನ ಅದನ್ನು ಹರಕೆಯ ಪಟ್ಟಿ ಎಂದುಕೊಂಡರು. ಹೆಸರಿನ ಪಕ್ಕದಲ್ಲಿ ತಂತಮ್ಮ ಬೇಡಿಕೆಯನ್ನೂ ಬರೆದಿದ್ದರು. ಮಗಳಿಗೆ ಗಂಡು ಸಿಗಲಿ. ಗಂಡ ಕುಡಿಯುವುದು ಬಿಡಲಿ. ಅತ್ತೆಗೆ ಒಳ್ಳೆ ಬುದ್ಧಿ ಬರಲಿ. ಗಣಿತದಲ್ಲಿ ಈ ಸಲವಾದರೂ ಪಾಸು ಮಾಡು.

ಖಾಲಾಗೆ ಕನ್ನಡ ಓದಲು ಬರುತ್ತಿರಲಿಲ್ಲ, ಒಂದೊಂದಾಗಿ ಓದಿ ಹೇಳಿದೆ. ಮೊದಲು ಬಿದ್ದು ಬಿದ್ದು ನಕ್ಕರು. ಕೊನೆಯ ಹಾಳೆಯಲ್ಲಿ, ಖಾನಾವಳಿಯಲ್ಲಿ ಪಾತ್ರೆ ತೊಳೆಯುವ ಹೆಂಗಸೊಬ್ಬಳು "ನಂದೇನೂ ಬ್ಯಾಡ, ಖಾಲಾನ ಮೊಮ್ಮಗಳಿಗಿ ಔಷಧ ಸಿಗಲಿ" ಎಂದು ಯಾರಿಂದಲೋ ಬರೆಸಿ ಹೆಬ್ಬೆಟ್ಟು ಒತ್ತಿದ್ದಳು. ಅದನ್ನು ಕೇಳಿ ಖಾಲಾ ಸೆರಗು ಬಾಯಿಗೊತ್ತಿಕೊಂಡು ಅತ್ತುಬಿಟ್ಟರು.

"ಹೊಸದಾಗಿ ಬರದು ಮತ್ತ ಸಹಿ ಮಾಡ್ಸೂಣ್ರಿ" ಎಂದೆ.

"ಬ್ಯಾಡ್ರಿ. ಎಲ್ಲಾರೂ ಮನಸಿಟ್ಟು ಬರದಾರ. ಹಿಂಗ ಕಳಸ್ರಿ."

ಹ್ಞೂಂ ಎಂದೆ.

ಕಳಿಸಲಿಲ್ಲ. ಹಾಗೆ ಕಳಿಸಲು ನನಗೆ ನಾಚಿಕೆಯಾಯಿತು. ದಿಲ್ಲಿಯವರು ನಕ್ಕಾರು, ಇದನ್ನು ಬರೆದ ಅಕ್ಕೋರು ಯಾರಪ್ಪಾ ಎಂದಾರು... ಅಷ್ಟೇ ಕಾರಣ. ಶುದ್ಧ ಪ್ರತಿ ಮಾಡಿ ನಾನೇ ಮನೆಮನೆಗೆ ಹೋಗಿ ಸಹಿ ಹಾಕಿಸುತ್ತೇನೆ ಎಂದುಕೊಂಡೆ. ಪರೀಕ್ಷೆ ಬಂತು, ಚುನಾವಣೆ ಕೆಲಸ ಬಂತು, ನಾಳೆ ನಾಡಿದ್ದು ಎನ್ನುತ್ತ ಹಾಳೆಗಳು ಕಪಾಟಿನಲ್ಲೇ ಉಳಿದವು. ನಿರ್ಬಂಧ ಮುಂದುವರಿಯಿತು. ಮರುವರ್ಷ ಮಗು ತೀರಿಕೊಂಡಿತು.

ಆ ಸುದ್ದಿ ಬಂದ ದಿನ ಖಾಲಾ ನನ್ನ ಕೈ ಹಿಡಿದು, "ನಾವು ಕೇಳಿದ್ವಿ ಅಕ್ಕೋರ, ಅವರು ಕೊಡ್ಲಿಲ್ಲ" ಎಂದರು. ಅದೊಂದೇ ಅವರಿಗೆ ಉಳಿದಿದ್ದ ಸಮಾಧಾನ. ಅದನ್ನೂ ಕಿತ್ತುಕೊಳ್ಳಬಾರದೆಂದು ಸುಮ್ಮನಿದ್ದೆ ಎಂದು ಹೇಳಿಕೊಳ್ಳುತ್ತೇನೆ. ಸುಳ್ಳು. ಹೇಳಲು ಧೈರ್ಯ ಬರಲಿಲ್ಲ. ಎರಡು ವರ್ಷಕ್ಕೆ ಅವರೂ ಹೋದರು.

ಕಳಿಸಿದ್ದರೂ ಏನೂ ಆಗುತ್ತಿರಲಿಲ್ಲ, ಗೊತ್ತು. ಎಷ್ಟು ಸಲ ಹಾಗೆಂದುಕೊಂಡರೂ ಕಪಾಟಿನ ಆ ಹಾಳೆಗಳನ್ನು ಹರಿದು ಹಾಕಲು ಮಾತ್ರ ಆಗುವುದಿಲ್ಲ...

ನಿನ್ನೆ ಸಂಜೆ ಖಾಲಾ ಮಗಳು ಇರಾನಿನಿಂದ ಫೋನು ಮಾಡಿದಳು. ಮೊಹರಂಗೊಮ್ಮೆ ಮಾಡುತ್ತಾಳೆ. ನಿರ್ಬಂಧ ಇನ್ನೂ ಹಾಗೇ ಇದೆಯಂತೆ, ತನ್ನ ಮಗಳು ಮಲಗುತ್ತಿದ್ದ ಆಸ್ಪತ್ರೆಯ ವಾರ್ಡಿನಲ್ಲಿ ಈಗ ಬೇರೆ ಮಕ್ಕಳಂತೆ. ಆಮೇಲೆ ಅಂದಳು:

"ಅಮ್ಮಿ ಸಾಯೂತನಕ ಹೇಳ್ತಿದ್ಳ್ರಿ, ನಿಮ್ಮ ಕಾಗದ ದಿಲ್ಲಿಗಿ ಹೋಗೇತಿ ಅಂತ. ನನ್ನ ಮಗಳ ಸಲುವಾಗಿ ಈ ದುನಿಯಾದಾಗ ಒಬ್ಬರರ ಕೇಳಿದ್ರಲ್ಲ ಅಕ್ಕೋರ, ನಂಗ ಅಷ್ಟ ಸಾಕು."

"ಇರಲಿ ಬಿಡವ್ವ" ಎಂದೆ.