ದಂಡೆಯ ಮೇಲೆ ಮಲಗಿದ್ದ ಭೀಮ

ಆಗೆಲ್ಲ ನಮ್ಮ ಕಡೆ ದಸರೆ ಮುಗಿದು ಹತ್ತಿ ಒಡೆಯತೊಡಗಿತೆಂದರೆ ಶಾಲೆ ಅರ್ಧ ಖಾಲಿಯಾಗುತ್ತಿತ್ತು. ಮಾಸ್ತರರು ಹಾಜರಿ ಕೂಗುವಾಗ ಉತ್ತರ ಬರದ ಹೆಸರುಗಳ ಮುಂದೆ ನಿಲ್ಲದೆ ಮುಂದಿನದಕ್ಕೆ ಹೋಗುತ್ತಿದ್ದರು. ಎಲ್ಲಿ ಹೋಗಿದ್ದಾರೆಂದು ಕೇಳಬೇಕಾಗಿರಲಿಲ್ಲ. ಕಿಟಕಿಯಾಚೆ ನೋಡಿದರೆ ಕರಿ ಹೊಲ, ಬಿಳಿ ಹತ್ತಿ, ಅದರ ನಡುವೆ ಬಗ್ಗಿದ ಸೀರೆಗಳ ಸಾಲು. ಆ ಸಾಲಿನ ಕೊನೆಯಲ್ಲಿ, ಜಾಲಿಮುಳ್ಳಿನ ಬೇಲಿಗೆ ಹತ್ತಿರದಲ್ಲಿ, ನನ್ನ ಆಯಿ ಇರುತ್ತಿದ್ದಳು.

ಆಯಿ ಎಂದರೆ ಅವ್ವನ ತಾಯಿ, ಬಸಮ್ಮ. ಹಿರೇಕೊಟ್ನೆಕಲ್ಲಿನಲ್ಲಿ ಅವಳನ್ನು ಬರೀ ಬಸಮ್ಮ ಎಂದು ಯಾರೂ ಕರೆಯುತ್ತಿರಲಿಲ್ಲ. ಮುಕಾದಮ್ ಬಸಮ್ಮ. ಹೊಲದವರ ಹತ್ತಿರ ಮಾತಾಡಿ ಕೆಲಸ ಹಿಡಿಯುವುದು, ಹೆಣ್ಣಾಳುಗಳ ಗುಂಪು ಕಟ್ಟುವುದು, ಟ್ರ್ಯಾಕ್ಟರಿನ ಟ್ರಾಲಿಯಲ್ಲಿ ಯಾರಿಗೆ ಜಾಗ, ಯಾರಿಗಿಲ್ಲ ಎಂದು ಹೇಳುವುದು, ಹೊಲಕ್ಕೆ ಹೋದ ಮೇಲೆ ಒಬ್ಬೊಬ್ಬರಿಗೆ ಒಂದೊಂದು ಸಾಲು ಹಂಚುವುದು ಎಲ್ಲವೂ ಅವಳ ಕೆಲಸ. ಮುಳ್ಳುಬೇಲಿಯ ಪಕ್ಕದ ಸಾಲು ಯಾರಿಗೂ ಬೇಡವಾದದ್ದು. ಅದನ್ನು ಅವಳು ಹೇಳದೆ ಕೇಳದೆ ತಾನೇ ಹಿಡಿಯುತ್ತಿದ್ದಳು. ನೀರಿನ ಕೊಡ ಬಂದಾಗ ಕೊನೆಗೆ ಕುಡಿಯುತ್ತಿದ್ದಳು. ಬಾಯಿ ಮಾತ್ರ ಜೋರು.

"ಬಂದ್ಲು ನೋಡ್ರಿ, ಕುಂಭಕರ್ಣನ ಮೊಮ್ಮಗಳು!" ತಡವಾಗಿ ಓಡಿಬಂದವಳಿಗೆ ಟ್ರಾಲಿಯ ಮೇಲಿಂದಲೇ ಸ್ವಾಗತ. "ನಿನ್ನ ಎಬ್ಬಿಸಾಕ ಡೊಳ್ಳು ಬಡೀಬೇಕಿತ್ತೇನಬೇ?"

"ಡೊಳ್ಳು ಬ್ಯಾಡ ಆಯಿ, ನಿನ್ನ ಬಾಯೇ ಸಾಕು," ಎಂದು ಅವಳೂ ಬಿಡುತ್ತಿರಲಿಲ್ಲ. ಟ್ರಾಲಿ ತುಂಬ ನಗೆ.

ಆಯಿಗೆ ಅಕ್ಷರ ಬರುತ್ತಿರಲಿಲ್ಲ. ಈ ಕುಂಭಕರ್ಣ, ವಿದುರ, ಶಕುನಿಯರೆಲ್ಲ ಅವಳಿಗೆ ಸಿಕ್ಕಿದ್ದು ಹನುಮಪ್ಪನ ಗುಡಿಯಲ್ಲಿ. ಶ್ರಾವಣದಿಂದ ಕಾರ್ತಿಕದವರೆಗೆ ಶನಿವಾರ ಸಂಜೆ ಅಲ್ಲಿ ಒಂದು ವರ್ಷ ರಾಮಾಯಣ, ಒಂದು ವರ್ಷ ಭಾರತ ಓದಿಸುತ್ತಿದ್ದರು. ಮಾನ್ವಿಯಿಂದ ಆಚಾರ್ಯರೊಬ್ಬರು ಬಸ್ಸಿಗೆ ಬರುತ್ತಿದ್ದರು. ಮಾಸ್ತರಿಕೆಯಿಂದ ನಿವೃತ್ತರಾದವರು, ಮೆತ್ತನೆಯ ದನಿ. ಹೆಂಗಸರು ಕಂಬಗಳಿಗೆ ಒರಗಿ ಹತ್ತಿ ಹಿಂಜಿ ಹೂಬತ್ತಿ ಹೊಸೆಯುತ್ತ ಕೇಳುತ್ತಿದ್ದರು. ಎಣ್ಣೆದೀಪದ ವಾಸನೆ, ತುಳಸಿಯ ವಾಸನೆ. ಕೊನೆಗೆ ಅಂಗೈಗೆ ಬೀಳುವ ಪುಟಾಣಿ ಕಡಲೆ, ಸಕ್ಕರೆಗಾಗಿ ನಾವು ಮಕ್ಕಳು ಮುಂದಿನ ಸಾಲಿನಲ್ಲೇ ಕೂರುತ್ತಿದ್ದೆವು. ಆಚಾರ್ಯರಲ್ಲಿ ಮಾಸ್ತರಿಕೆಯ ಒಂದು ಚಾಳಿ ಉಳಿದಿತ್ತು. ಕಥೆಯನ್ನು ಇಕ್ಕಟ್ಟಿನ ಜಾಗಕ್ಕೆ ತಂದು ನಿಲ್ಲಿಸಿ, "ನೀವಾಗಿದ್ರ ಏನ್ ಮಾಡ್ತಿದ್ರಿ?" ಎಂದು ಕೇಳುವುದು.

ಆ ವರ್ಷ ಹತ್ತಿ ಒಡೆಯುವ ಹೊತ್ತಿಗೆ ಭಾರತದ ಕಥೆ ಕೊಳದ ಹತ್ತಿರ ಬಂದಿತ್ತು. ನೀರು ತರಲು ಹೋದ ಧರ್ಮರಾಯನ ತಮ್ಮಂದಿರು ನಾಲ್ವರೂ ಯಕ್ಷನ ಮಾತು ಕೇಳದೆ ನೀರು ಕುಡಿದು ದಂಡೆಯ ಮೇಲೆ ಸತ್ತು ಬಿದ್ದಿದ್ದಾರೆ. ಧರ್ಮರಾಯ ಯಕ್ಷನ ಪ್ರಶ್ನೆಗಳಿಗೆಲ್ಲ ಉತ್ತರ ಹೇಳಿದ. ಯಕ್ಷ ಒಲಿದು, ಒಬ್ಬನನ್ನು ಎಬ್ಬಿಸುತ್ತೇನೆ, ಯಾರು ಬೇಕು ಹೇಳು ಎಂದ.

"ಯಾರನ್ನ ಎಬ್ಬಿಸ್ತಿದ್ರಿ?" ಎಂದರು ಆಚಾರ್ಯರು.

"ಭೀಮನ್ನರೀ! ಮುಂದ ಲಡಾಯಿ ಅದಲ್ರಿ!"

"ಅರ್ಜುನನ್ನ! ಬಿಲ್ಲು ಹಿಡಿಯೋರು ಯಾರು ಮತ್ತ?"

ಬತ್ತಿ ಹೊಸೆಯುತ್ತಿದ್ದ ಆಯಿಯ ಕೈ ನಿಂತಿತ್ತು. ಧರ್ಮರಾಯ ನಕುಲನನ್ನು ಕೇಳಿದ ಎಂದು ಆಚಾರ್ಯರು ಓದಿದರು. ನಕುಲ ಮಲತಾಯಿ ಮಾದ್ರಿಯ ಮಗ. ಕುಂತಿಯ ಮಕ್ಕಳಲ್ಲಿ ತಾನೊಬ್ಬ ಉಳಿದಿದ್ದೇನೆ, ಮಾದ್ರಿಗೂ ಒಬ್ಬ ಉಳಿಯಲಿ ಎಂದನಂತೆ. ಯಕ್ಷ ಮೆಚ್ಚಿ ಎಲ್ಲರನ್ನೂ ಎಬ್ಬಿಸಿದ. "ಮುಂದಾಳು ಆದವರು ಮಡಿಲಾಗ ಇರೋರನ್ನ ಬಿಟ್ಟು ಮೊದಲು ಮಗ್ಗಲಾಗ ಇರೋರನ್ನ ನೋಡಬೇಕು," ಎಂದು ಆಚಾರ್ಯರು ಪುಸ್ತಕ ಮುಚ್ಚಿದರು.

ಮರುದಿನ ಭಾನುವಾರವೇ ಅದು ನಮ್ಮ ಆಟವಾಯಿತು. ಹೊಲದ ಪಕ್ಕ ಕಾಲುವೆ, ಕಾಲುವೆಯ ದಂಡೆಗೆ ಬೇವಿನಮರ. ನಾಲ್ವರು ಕಾಲುವೆಯ ನೀರು ಕುಡಿದು ಸಾಯಬೇಕು. ಮರವೇರಿ ಕುಳಿತ ಯಕ್ಷ ಒಗಟು ಕೇಳಬೇಕು. ಧರ್ಮರಾಯ ಉತ್ತರ ಹೇಳಿದರೆ ಒಬ್ಬರನ್ನು ಎಬ್ಬಿಸಬಹುದು, ಎದ್ದವರಿಗೆ ಒಂದು ಹೆಂಟೆ ಬೆಲ್ಲ. ಕಥೆಯಲ್ಲಿ ಎಲ್ಲರೂ ಏಳುತ್ತಾರೆ, ಆದರೆ ಬೆಲ್ಲ ಒಂದೇ ಇದ್ದುದರಿಂದ ನಾವು ಆ ಭಾಗವನ್ನು ಕೈಬಿಟ್ಟಿದ್ದೆವು. ನಕುಲನನ್ನೇ ಎಬ್ಬಿಸಬೇಕೆಂದು ಎಲ್ಲರಿಗೂ ಗೊತ್ತು. ಹಾಗಾಗಿ ಎಲ್ಲರಿಗೂ ನಕುಲನೇ ಆಗಬೇಕು. ಭೀಮನಾದವರು ಊಟದ ಹೊತ್ತಿನವರೆಗೆ ಇರುವೆ ಕಚ್ಚಿಸಿಕೊಂಡು ಸತ್ತೇ ಇರಬೇಕಾಗುತ್ತಿತ್ತು. ನಾನು ದಪ್ಪಗಿದ್ದೆ. ಹೆಚ್ಚು ಸಲ ಭೀಮ ನಾನೇ.

ಊಟಕ್ಕೆ ಕೂತಾಗ ಬುತ್ತಿಗಳು ಬಿಚ್ಚುತ್ತಿದ್ದವು. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಗುದ್ದಿದ ಉಳ್ಳಾಗಡ್ಡಿ. ಅವ್ವನ ಬೆರಳುಗಳಿಗೆ ಒಣಗಿದ ಹತ್ತಿಕಾಯಿಯ ಮೊನೆ ಚುಚ್ಚಿ ಚುಚ್ಚಿ ತುದಿಯಲ್ಲಿ ಕಪ್ಪು ಚುಕ್ಕೆಗಳಾಗಿರುತ್ತಿದ್ದವು. ಹಿಂಡಿಯ ಖಾರ ತಾಗಿದಾಗ ಅವಳು ಕೈ ಝಾಡಿಸುತ್ತಿದ್ದಳು. ಶಾಂತಾ ಚಿಕ್ಕವ್ವ ತನ್ನ ತಂಬಿಗೆಯ ನೀರನ್ನು ಅವಳ ಬೆರಳಿಗೆ ಹನಿಸುತ್ತಿದ್ದಳು.

ಶಾಂತಾ ಚಿಕ್ಕವ್ವನ ಬಗ್ಗೆ ಹೇಳಬೇಕು. ನನ್ನ ಅಜ್ಜನಿಗೆ ಇಬ್ಬರು ಹೆಂಡಿರು, ಆಯಿ ಹಿರಿಯಳು. ಕಿರಿಯವಳು ಶಾಂತಾಳನ್ನು ಹೆತ್ತು ಬಾಣಂತನದಲ್ಲೇ ತೀರಿಕೊಂಡಳು. ಅಜ್ಜನೂ ಹೆಚ್ಚು ದಿನ ಉಳಿಯಲಿಲ್ಲ. ಸವತಿಯ ಮಗಳನ್ನು ಆಯಿಯೇ ಸಾಕಿದಳು. ನನ್ನ ಅಪ್ಪ ತೀರಿದ ಮೇಲೆ ಅವ್ವ ನನ್ನನ್ನು ಎತ್ತಿಕೊಂಡು ತವರಿಗೆ ಬಂದಳು. ಒಂದೇ ಮನೆ, ಒಂದೇ ಒಲೆ, ಒಂದೇ ಗುಂಪಿನಲ್ಲಿ ಕೂಲಿ. ಅವ್ವ, ಚಿಕ್ಕವ್ವ ಇಬ್ಬರೂ ಹತ್ತಿ ಬಿಡಿಸುವುದರಲ್ಲಿ ಸರಿಸಮ.

ಹಂಗಾಮಿನ ನಡುವೆ ರಾಯಚೂರಿನ ಒಂದು ಜಿನ್ನಿನ, ಎಂದರೆ ಹತ್ತಿಯಿಂದ ಬೀಜ ಬೇರ್ಪಡಿಸುವ ಗಿರಣಿಯ, ಮುನೀಮರು ನಮ್ಮ ಊರಿಗೆ ಹತ್ತಿ ನೋಡಲು ಬಂದರು. ಅವರಿಗೆ ಒಬ್ಬ ಹೆಂಗಸು ಬೇಕಿತ್ತು. ಜಿನ್ನಿನ ಅಂಗಳದಲ್ಲಿ ಹತ್ತಿಯಿಂದ ಎಲೆ, ಕಸ ಆರಿಸುವ ಹೆಂಗಸರ ಮೇಲೆ ನಿಗಾ ಇಡುವ ಕೆಲಸ. ವರ್ಷವಿಡೀ ಕೆಲಸ, ಕಾಂಪೌಂಡಿನೊಳಗೆ ಇರಲು ಒಂದು ಖೋಲಿ. ಬಸಮ್ಮ ಯಾರನ್ನು ಹೇಳುತ್ತಾಳೋ ಅವರನ್ನು ಕರೆದೊಯ್ಯುತ್ತೇನೆ, ನಾಡಿದ್ದು ಬರುತ್ತೇನೆ ಎಂದು ಹೇಳಿಹೋದರು.

ಅವ್ವ ಏನೂ ಕೇಳಲಿಲ್ಲ. ಆದರೆ ಆ ರಾತ್ರಿ ಮಲಗಿದಾಗ ನನ್ನ ತಲೆಗೂದಲಲ್ಲಿ ಕೈಯಾಡಿಸುತ್ತ, "ನೀಲಾ, ರಾಯಚೂರಾಗ ಸಾಲಿ ಭಾಳ ದೊಡ್ಡು ಇರತಾವಂತ," ಎಂದಳು. ನಾನು ರೈಲು ಕಾಣುತ್ತದೆಯೇ ಎಂದು ಕೇಳಿದೆ. ಕೂಗೂ ಕೇಳಸತದ ಎಂದಳು. ಬೆಳಿಗ್ಗೆ ಟ್ರಾಲಿಯಲ್ಲಿ ಗುಸುಗುಸು. "ಕೇಳೂದೇನದ ಬಿಡ್ರಿ, ಮುಕಾದಮ್ಮನ ಹೊಟ್ಯಾಗ ಹುಟ್ಟಿದಾಕಿಗೇ ಸಿಗತದ," ಎಂದು ಯಾರೋ ಹೇಳಿದರು. ಆಯಿಗೆ ಕೇಳಿಸಿತು. ಅವಳು ಅಂದು ಯಾರನ್ನೂ ಕುಂಭಕರ್ಣ ಎನ್ನಲಿಲ್ಲ.

ಮುನೀಮರು ಹೇಳಿದ ದಿನ ಊಟದ ಹೊತ್ತಿಗೆ ಹೊಲಕ್ಕೇ ಬಂದರು. ಹೆಂಗಸರೆಲ್ಲ ಬೇವಿನಮರದ ಕೆಳಗಿದ್ದರು. ನಾನು ದಂಡೆಯ ಮೇಲೆ ಭೀಮನಾಗಿ ಮಲಗಿದ್ದೆ.

"ಯಾರನ್ನ ಕಳಸ್ತಿ ಬಸಮ್ಮ?"

ಆಯಿ ಕೈ ತೊಳೆದು ಸೆರಗಿಗೆ ಒರೆಸಿಕೊಂಡಳು. "ಶಾಂತಾನ್ನ ಕರಕೊಂಡ್ ಹೋಗ್ರಿ."

ಶಾಂತಾ ಚಿಕ್ಕವ್ವ, "ಯವ್ವಾ, ಅಕ್ಕ..." ಎಂದು ಅರ್ಧಕ್ಕೆ ನಿಲ್ಲಿಸಿದಳು. "ನನ್ನ ಮಗಳಿಗೆ ನಾ ಅದೀನಿ," ಎಂದಳು ಆಯಿ, ಮುನೀಮರಿಗಲ್ಲ, ಗುಂಪಿಗೆ ಕೇಳುವ ಹಾಗೆ. "ಆಕಿಗೆ ಹೆತ್ತಾಕಿಲ್ಲ." ಹೆಂಗಸರ ಮುಖದಲ್ಲಿ ಮೆಚ್ಚುಗೆ ಹರಿದಾಡಿದ್ದನ್ನು ನಾನು ಮಲಗಿದಲ್ಲಿಂದಲೇ ನೋಡಿದೆ. ಹಿಂದಿನ ದಿನ ಟ್ರಾಲಿಯಲ್ಲಿ ಗುಸುಗುಸು ಅಂದವಳೇ, "ಧರ್ಮರಾಯ ಬಿಡವ್ವಾ ನೀನು," ಎಂದಳು. ಅವ್ವ ಮುರಿದ ರೊಟ್ಟಿಯ ಚೂರನ್ನು ಬಾಯಿಗಿಡಲಿಲ್ಲ, ಬುತ್ತಿಗೂ ಹಾಕಲಿಲ್ಲ. ಬಹಳ ಹೊತ್ತು ಹಿಡಿದುಕೊಂಡೇ ಇದ್ದಳು.

ಸಂಜೆ ಮನೆಯಲ್ಲಿ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಚಿಕ್ಕವ್ವ ಗುಡಿಗೆ ಹೋಗಿದ್ದಳು. ನನಗೆ ಆಯಿಯ ಬಗೆಗಿನ ಹೆಮ್ಮೆ ತಡೆಯಲಾಗಲಿಲ್ಲ. "ಆಯಿ ಥೇಟ್ ಧರ್ಮರಾಯನಂಗ ಮಾಡಿದ್ಲಲ್ಲವ್ವಾ!" ಎಂದೆ.

"ಹೌದು," ಎಂದಳು ಅವ್ವ. ರೊಟ್ಟಿ ಬಡಿಯುವ ಸದ್ದು ನಿಲ್ಲಲಿಲ್ಲ. "ಆದ್ರ ಅಲ್ಲಿ ಯಕ್ಷ ಇದ್ದ, ಎಲ್ಲಾರನ್ನೂ ಎಬ್ಬಿಸಿದ. ಇಲ್ಲಿ ಯಾರದಾರ?"

ಹೊಸ್ತಿಲಲ್ಲಿ ಕೂತಿದ್ದ ಆಯಿ ಕತ್ತು ತಿರುಗಿಸಿದಳು. "ಏನಂದಿ ದೇವಮ್ಮ? ನಾ ತಪ್ಪ ಮಾಡಿದ್ನೇನು?"

"ತಪ್ಪಲ್ಲ."

"ಮತ್ತ?"

ಅವ್ವ ಹೆಂಚಿನ ಮೇಲಿನ ರೊಟ್ಟಿಗೆ ನೀರು ಸವರಿದಳು. ಹಬೆ ಎದ್ದಿತು. "ನೀ ಮುಂಜಾನಿ ನನ್ನ ಒಂದ್ ಮಾತ ಕೇಳಿದ್ರ ನಾನೇ ಶಾಂತಾನ ಹೆಸರು ಹೇಳ್ತಿದ್ದೆ ಯವ್ವಾ. ಆಕಿ ನನ್ನ ಕೂಸಿನ ತೊಟ್ಟಿಲ ತೂಗಿದಾಕಿ. ನೀ ಕೇಳಲಿಲ್ಲ. ಎಲ್ಲಾರ ಮುಂದ ಹೇಳಿದಿ. ನಿನಗ ಧರ್ಮ ಸಿಕ್ತು, ಆಕಿಗೆ ಕೆಲಸ ಸಿಕ್ತು. ನನಗ ಕೊಡೂದಾದ್ರೂ ಇತ್ತು, ಅದನ್ನೂ ನೀನೇ ಕೊಟ್ಟುಬಿಟ್ಟಿ."

ರೊಟ್ಟಿ ಕರಕಲಾಯಿತು. ಆಯಿ ಎದ್ದು ಬಂದು ಅದನ್ನು ಹೆಂಚಿನಿಂದ ತೆಗೆದಳು, ತನ್ನ ತಟ್ಟೆಗೆ ಹಾಕಿಕೊಂಡಳು, ಪೂರ್ತಿ ತಿಂದಳು.

ಮುಂದಿನ ಶನಿವಾರ ಆಚಾರ್ಯರ ಓದು ಮುಗಿದಾಗ, ಅವರು ಪ್ರಶ್ನೆ ಕೇಳುವ ಮೊದಲೇ ಆಯಿ ಕಂಬದ ಬುಡದಿಂದ ಕೇಳಿದಳು. "ಆಚಾರ್ರೇ, ಅವತ್ತು ಧರ್ಮರಾಯ ನಕುಲನ್ನ ಎಬ್ಬಸು ಅಂದಾಗ, ಅಲ್ಲೇ ಬಿದ್ದಿದ್ದ ಭೀಮಗ ಏನನಿಸ್ತರೀ?"

ಯಾರೋ ನಕ್ಕರು. "ಸತ್ತವಗ ಏನನಸ್ತದ ಆಯಿ!"

ಆಚಾರ್ಯರು ನಗಲಿಲ್ಲ. ಪುಟಗಳನ್ನು ಹಿಂದಕ್ಕೆ ತಿರುಗಿಸಿ ನೋಡಿದರು, ಕನ್ನಡಕ ತೆಗೆದರು. "ಅದು ಇದರಾಗ ಇಲ್ಲವ್ವಾ. ಅವನ್ನ ಯಾರೂ ಕೇಳಿಲ್ಲ." ಅಂದು ಅವರು ನಮಗೆ ಪ್ರಶ್ನೆ ಕೇಳದೆ ಪುಟಾಣಿ ಹಂಚಲು ಹೇಳಿದರು.

ಶಾಂತಾ ಚಿಕ್ಕವ್ವ ರಾಯಚೂರಿಗೆ ಹೋದಳು. ಹೊರಡುವಾಗ ಅವ್ವನೇ ಅವಳಿಗೆ ಬುತ್ತಿ ಕಟ್ಟಿದಳು. ನಾನು ಹೈಸ್ಕೂಲಿಗೆ ಬಂದಾಗ ಚಿಕ್ಕವ್ವ ತಾನಾಗಿಯೇ ಬಂದು ನನ್ನನ್ನು ಆ ಖೋಲಿಗೆ ಕರೆದೊಯ್ದಳು. ರೈಲಿನ ಕೂಗು ನಿಜಕ್ಕೂ ಕೇಳಿಸುತ್ತಿತ್ತು. ಅವ್ವ ಮಾತ್ರ ಹೊಲದಲ್ಲೇ ಉಳಿದಳು.

ಆಯಿಯ ಮೊಣಕಾಲು ಸೋತ ಮೇಲೆ ಗುಂಪು ಅವ್ವನ ಕೈಗೆ ಬಂತು. ರಜೆಗೆ ಊರಿಗೆ ಹೋದಾಗ ನೋಡುತ್ತಿದ್ದೆ. ಟ್ರಾಲಿಯಲ್ಲಿ ಜಾಗ ಕಡಿಮೆ ಬೀಳುವ ದಿನದ ಹಿಂದಿನ ಸಂಜೆಯೇ ಅವ್ವ ಮನೆಯಿಂದ ಹೊರಡುತ್ತಿದ್ದಳು. ಹೋಗುತ್ತಿದ್ದದ್ದು ಕೆಲಸ ಸಿಕ್ಕವರ ಮನೆಗಲ್ಲ, ಸಿಗದವರ ಮನೆಗೆ. ಒಳಗೆ ಹೋಗಿ ಕೂತು, ನೀರು ಕೇಳಿ ಕುಡಿದು, ನಾಳೆ ನಿನ್ನನ್ನು ಬಿಟ್ಟಿದ್ದೇನೆ, ಕಾರಣ ಇಂಥದ್ದು ಎಂದು ತಾನೇ ಹೇಳುತ್ತಿದ್ದಳು. ಕೆಲವರು ಸುಮ್ಮನೆ ತಲೆಯಾಡಿಸುತ್ತಿದ್ದರು. ಕೆಲವರು ಬೈಯುತ್ತಿದ್ದರು. ಒಬ್ಬಳು ಒಮ್ಮೆ, "ನಿಮ್ಮವ್ವ ದೇವ್ರಂಥಾಕಿ ಇದ್ಲು, ನೀ ಎಲ್ಲಿ ಹುಟ್ಟಿದೆವ್ವಾ," ಎಂದು ತಂಬಿಗೆಯನ್ನು ಕೈಯಿಂದ ಕಿತ್ತುಕೊಂಡಳು. ಅವ್ವ ಕೂತೇ ಇದ್ದಳು. ಆ ಹೆಂಗಸಿನ ಬೈಗುಳ ಮುಗಿದ ಮೇಲೆ ಎದ್ದಳು.

"ಯಾಕ ಹೋಗಿ ಬೈಸ್ಕೊಂಡು ಬರತಿ?" ಎಂದು ದಾರಿಯಲ್ಲಿ ಕೇಳಿದೆ.

"ಸಿಕ್ಕೋರ ಮನಿಗೆ ಸುದ್ದಿ ತಾನೇ ಹೋಗತದ. ಸಿಗದವರ ಮನಿಗೆ ನಾವ ಹೋಗಬೇಕು."

ಇತ್ತೀಚೆಗೆ ರಾಯಚೂರಿನಲ್ಲಿ ಪುರಾಣ ಕಥೆಗಳಿಂದ ನಾಯಕತ್ವದ ಪಾಠ ಹೇಳುವ ಒಂದು ಶಿಬಿರಕ್ಕೆ ನಮ್ಮ ಪತ್ರಿಕೆಯ ವರದಿಗಾಗಿ ಹೋಗಿದ್ದೆ. ತರಬೇತುದಾರರು ಚೆನ್ನಾಗಿ ಮಾತಾಡಿದರು. ಪರದೆಯ ಮೇಲೆ ಕೊಳ, ಕೊಳದ ಪಕ್ಕ ಧರ್ಮರಾಯ, ಕೆಳಗೆ 'ನಿಷ್ಪಕ್ಷಪಾತ' ಎಂಬ ಒಂದು ಪದ. ತಮ್ಮಂದಿರು ಚಿತ್ರದ ಅಂಚಿನಲ್ಲಿ ಮಸುಕಾಗಿ ಮಲಗಿದ್ದರು. ಕೇಳಿದ್ದನ್ನಷ್ಟೇ ಬರೆಯಬೇಕೆಂಬುದು ನನ್ನ ಕೆಲಸದ ನಿಯಮ. ಭೀಮನ ಮಾತು ಅಲ್ಲಿ ಯಾರೂ ಎತ್ತದ ಕಾರಣ ನನ್ನ ವರದಿಯಲ್ಲೂ ಅದು ಬರಲಿಲ್ಲ.

ಆಯಿ, ಅವ್ವ ಇಬ್ಬರೂ ಈಗಿಲ್ಲ. ಊರಲ್ಲಿ ಹತ್ತಿ ಬಿಡಿಸುವ ಗುಂಪುಗಳು ಇವೆ. ನಾಳೆ ಯಾರು ಬರಬೇಕೆಂಬ ಹೆಸರುಗಳು ಸಂಜೆಯೇ ಫೋನಿಗೆ ಬೀಳುತ್ತವೆ. ಕಳೆದ ವರ್ಷ ನಮ್ಮ ಕಚೇರಿಯಲ್ಲಿ ಕೆಲವರನ್ನು ಕೈಬಿಟ್ಟಾಗಲೂ ಹಾಗೆಯೇ ಆಯಿತು. ಕೆಲಸದಲ್ಲಿ ಉಳಿದವರ ಹೆಸರು ಫೋನಿಗೆ ಬಂತು, ಉಳಿಯದವರು ತಮ್ಮ ಹೆಸರು ಹುಡುಕಿ, ಅದಿಲ್ಲದ್ದರಿಂದ ತಿಳಿದುಕೊಂಡರು. ಆರಿಸಿದವರು ಅನ್ಯಾಯ ಮಾಡಿದರೆಂದು ನಾನು ಹೇಳಲಾರೆ. ಬಹುಶಃ ಎಲ್ಲವನ್ನೂ ತೂಗಿಯೇ ಆರಿಸಿರಬೇಕು. ಸಂಜೆ ಮನೆಯ ತನಕ ಬಂದು, ನೀರು ಕೇಳಿ ಕುಡಿದು, ಬೈಸಿಕೊಂಡು ಹೋಗುವವರು ಮಾತ್ರ ಈಗ ಯಾರೂ ಇಲ್ಲ.